ಒಲೆ ನಮ್ಮದು, ಅಳತೆ ಯಾರದು?

1985ರ ಸುಮಾರು. ನಾನಾಗ ಹೈಸ್ಕೂಲು ಹುಡುಗಿ. ನಮ್ಮ ಊರಿಗೆ ಹೊಗೆಯಿಲ್ಲದ ಒಲೆ ಬಂತು. ಮೂವರು ಗಂಡಸರು ಬಂದು, ಜಗಲಿಯ ಮೇಲೆ ಅಪ್ಪನ ಜೊತೆ ಕಾಫಿ ಕುಡಿದರು. ಆಮೇಲೆ ಅಡುಗೆಮನೆಗೆ ಹೋಗಿ ಹಳೆಯ ಒಲೆ ಕಿತ್ತು, ಹೊಸದನ್ನು ಕಟ್ಟಿ, ಹೊಗೆ ಕೊಳವೆ ಕೂರಿಸಿ ಹೋದರು. ಅಷ್ಟು ಹೊತ್ತೂ ಅಮ್ಮ ಹಿತ್ತಲಲ್ಲಿ ನಿಂತಿದ್ದಳು. ಅವಳನ್ನು ಒಂದು ಮಾತು ಕೇಳಿದವರಿಲ್ಲ.

ಒಲೆಯೇನೋ ಒಳ್ಳೆಯದೇ. ಹೊಗೆ ಹೊರಗೆ ಹೋಗುತ್ತಿತ್ತು. ಆದರೆ ಅದರ ಬಾಯಿ ಚಿಕ್ಕದು, ಸೌದೆಯನ್ನು ಸಣ್ಣಗೆ ಸೀಳಬೇಕು. ಸೀಳುವವರು ಯಾರು? ಅಮ್ಮನೇ. ಎಂಟು ಜನರ ಮುದ್ದೆಯ ಪಾತ್ರೆ ಅದರ ಮೇಲೆ ಭದ್ರವಾಗಿ ಕೂರುತ್ತಿರಲಿಲ್ಲ. ಕವೆಗೋಲು ಒತ್ತಿ ಮುದ್ದೆ ತಿರುವಿದರೆ ಒಲೆಯ ಅಂಚು ಬಿರಿಯುತ್ತಿತ್ತು. ಆರು ತಿಂಗಳಲ್ಲಿ ಅಮ್ಮ ಅದನ್ನು ಒಡೆದು ಮತ್ತೆ ಮೂರು ಕಲ್ಲು ಹೂಡಿದಳು. "ಈ ಹೆಂಗಸರಿಗೆ ಹೊಸದೇನೂ ಬೇಡ" ಎಂದು ಊರು ನಕ್ಕಿತು, ಅಪ್ಪನೂ ನಕ್ಕರು.

ಕೊನೆಗಾಲದಲ್ಲಿ ಅಮ್ಮನಿಗೆ ಉಸಿರು ಸಾಲುತ್ತಿರಲಿಲ್ಲ. "ನಿಮ್ಮ ತಾಯಿ ಬೀಡಿ ಸೇದುತ್ತಿದ್ದರೇ?" ಎಂದು ಡಾಕ್ಟರು ಕೇಳಿದರು. "ಇಲ್ಲ ಡಾಕ್ಟರೇ, ಒಲೆ ಊದುತ್ತಿದ್ದಳು" ಎಂದೆ.

ಬಿ.ಎ., ಬಿ.ಎಡ್. ಮಾಡಿ ಕನ್ನಡ ಪಾಠ ಹೇಳುವ ನನಗೆ ವಿಜ್ಞಾನದ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಇಷ್ಟೇ. ಆ ಒಲೆಯ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ. ಮುದ್ದೆ ತಿರುವುವ ಒಂದು ಜೊತೆ ಕೈಗಳನ್ನು ಆ ಲೆಕ್ಕಕ್ಕೆ ಸೇರಿಸಿರಲಿಲ್ಲ, ಅಷ್ಟೆ. ಯಂತ್ರ ಹೇಗೆ ನಡೆಯುತ್ತದೆ ಎಂಬುದು ಎಂಜಿನಿಯರಿಗೆ ಗೊತ್ತು. ಮನೆಯಲ್ಲಿ ಅದು ಯಾಕೆ ನಿಲ್ಲುತ್ತದೆ ಎಂಬುದು ಬಳಸುವವಳಿಗೆ ಗೊತ್ತು. ಎರಡೂ ತಿಳಿವಳಿಕೆಯೇ. ಒಂದಕ್ಕೆ ಕುರ್ಚಿ, ಇನ್ನೊಂದಕ್ಕೆ ಹಿತ್ತಿಲು ಎಂದರೆ ನಾನು ಒಪ್ಪುವುದಿಲ್ಲ.

"ಅರ್ಹತೆ ಇದ್ದರೆ ತಾನಾಗಿ ಮೇಲೆ ಬರುತ್ತಾರೆ" ಎನ್ನುವ ಜಾಣರಿದ್ದಾರೆ. ಅವರಿಗೆ ಕಮಲಾ ಸೊಹೋನಿಯವರ ಕಥೆ ಹೇಳಬೇಕು. 1933ರಲ್ಲಿ ಬೊಂಬಾಯಿಯಲ್ಲಿ ಮೊದಲ ಸ್ಥಾನದಲ್ಲಿ ಬಿ.ಎಸ್ಸಿ. ಪಾಸಾಗಿ ಬಂದ ಆ ಹುಡುಗಿಗೆ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ಸಿಗಲಿಲ್ಲ. ಬೇಡವೆಂದವರು ನೊಬೆಲ್ ಪಡೆದ ಸಿ. ವಿ. ರಾಮನ್. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಒಳಗೆ ಬಿಟ್ಟರು. ಆಕೆ ಅಲ್ಲಿ ಅಭ್ಯಾಸ ಮಾಡಿದ್ದು ಏನನ್ನು ಗೊತ್ತೇ? ಹಾಲು ಮತ್ತು ಬೇಳೆಕಾಳುಗಳಲ್ಲಿನ ಪ್ರೋಟೀನನ್ನು! 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಅರ್ಹತೆ ಬಾಗಿಲಲ್ಲೇ ನಿಂತಿತ್ತು. ಬಾಗಿಲು ತೆರೆಯುವವರು ಬೇಕಿತ್ತು.

ಆಮೇಲಾದರೂ ಏನಾಯಿತು? 1909ರಲ್ಲಿ ಶುರುವಾದ ಆ ಸಂಸ್ಥೆಗೆ ಇಂದಿನವರೆಗೆ ಒಬ್ಬ ಮಹಿಳಾ ನಿರ್ದೇಶಕಿ ಇಲ್ಲ. 1942ರಲ್ಲಿ ಹುಟ್ಟಿದ ಸಿ.ಎಸ್.ಐ.ಆರ್.ಗೆ ಮೊದಲ ಮಹಿಳಾ ಮಹಾನಿರ್ದೇಶಕಿಯಾಗಿ ಎನ್. ಕಲೈಸೆಲ್ವಿ ಬಂದದ್ದು 2022ರಲ್ಲಿ, ಎಂಬತ್ತು ವರ್ಷಗಳ ಮೇಲೆ. 2019ರ ಚಂದ್ರಯಾನ-2ರಲ್ಲಿ ಎಂ. ವನಿತಾ ಯೋಜನಾ ನಿರ್ದೇಶಕಿಯಾಗಿದ್ದರು, ರಿತು ಕರಿಧಾಲ್ ಮಿಷನ್ ನಿರ್ದೇಶಕಿಯಾಗಿದ್ದರು. ಅದನ್ನು ಓದಿ ನಾನೂ ಹಿಗ್ಗಿದೆ. ಆದರೆ 1969ರಿಂದ ಇರುವ ಇಸ್ರೋದ ಅಧ್ಯಕ್ಷರ ಕುರ್ಚಿಯಲ್ಲಿ ಇನ್ನೂ ಒಬ್ಬ ಹೆಣ್ಣುಮಗಳು ಕೂತಿಲ್ಲ. ಚಂದ್ರನ ದಾರಿ ಗೊತ್ತಿರುವವರಿಗೆ ಆ ಕುರ್ಚಿಯ ದಾರಿ ಗೊತ್ತಾಗುವುದಿಲ್ಲವೇ?

ಇದೆಲ್ಲ ದೊಡ್ಡವರ ಮಾತಾಯಿತು. ನಮ್ಮ ಬೀದಿಗೆ ಬನ್ನಿ. ನಮ್ಮದು ಫ್ಲೋರೈಡ್ ನೀರಿನ ಸೀಮೆ. ನಮ್ಮ ಬಡಾವಣೆಗೆ ಶುದ್ಧ ಕುಡಿಯುವ ನೀರಿನ ಘಟಕ ಮಂಜೂರಾದಾಗ ಸಭೆ ಕರೆದರು. ಸಭೆಗೆ ಹೋದ ಹೆಂಗಸರು ನಾವು ಇಬ್ಬರೇ. ಜಾಗ ಗುರುತು ಮಾಡಿದ್ದು ಬ್ರಾಂದಿ ಅಂಗಡಿಯ ಪಕ್ಕದಲ್ಲಿ. "ಸಾಯಂಕಾಲದ ಮೇಲೆ ಅಲ್ಲಿಗೆ ಹೆಣ್ಣುಮಕ್ಕಳು ಬರುವುದು ಹೇಗೆ?" ಎಂದು ಕೇಳಿದೆ. "ಮೇಡಂ, ಇದು ಟೆಕ್ನಿಕಲ್ ವಿಷಯ, ಬೋರ್‌ವೆಲ್ ಇರೋದೇ ಅಲ್ಲಿ" ಎಂದರು. ಪೈಪು ಎಳೆದು ನೂರು ಗಜ ಆಚೆ ಕಟ್ಟಲು ಬರುವುದಿಲ್ಲವೇ ಎಂದರೆ ಉತ್ತರವಿಲ್ಲ. ಘಟಕ ಅಲ್ಲೇ ಎದ್ದಿತು. ಇಂದು ಅಲ್ಲಿಂದ ನೀರು ಒಯ್ಯುವವರು ಸ್ಕೂಟರ್ ಇರುವ ಗಂಡಸರು. ಹಗಲೆಲ್ಲ ಗಾರ್ಮೆಂಟ್ಸ್‌ನಲ್ಲಿ ದುಡಿದು ಬರುವ ಹಿಂದಿನ ಬೀದಿಯ ಹೆಂಗಸರು ತಮ್ಮ ಮಕ್ಕಳಿಗೆ ಅದೇ ಹಳೆಯ ಬೋರಿನ ನೀರು ಕುಡಿಸುತ್ತಿದ್ದಾರೆ. ಹಲ್ಲು ಕಂದುಗಟ್ಟಿದ ಆ ಮಕ್ಕಳು ನನ್ನ ತರಗತಿಯಲ್ಲೇ ಕೂತಿರುತ್ತವೆ. ಇದೂ ಟೆಕ್ನಿಕಲ್ ವಿಷಯವೇ?

2019ರಲ್ಲಿ ಶುರುವಾದ ಜಲ ಜೀವನ್ ಮಿಷನ್, ಹಳ್ಳಿಯ ನೀರು ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎನ್ನುತ್ತದೆ. ಹಳ್ಳಿಗೆ ಬೇಕಾದದ್ದು ಪಟ್ಟಣಕ್ಕೆ ಬೇಡವೇ? ನೀರು, ಕಸ, ಬೀದಿದೀಪ, ಬಸ್ಸು, ಆಸ್ಪತ್ರೆಯ ಯಂತ್ರ, ಹೀಗೆ ಏನನ್ನು ತರುವಾಗಲೂ ತೀರ್ಮಾನಿಸುವ ಸಮಿತಿಯಲ್ಲಿ ಅರ್ಧ ಹೆಂಗಸರಿರಲಿ. ಅವರಲ್ಲಿ ಓದಿದ ಎಂಜಿನಿಯರೂ ಇರಲಿ, ಕೊಡ ಹೊರುವವಳೂ ಇರಲಿ. "ಸಹಿ ಹಾಕಿಸಿಕೊಂಡು ಗಂಡಂದಿರು ಆಳುತ್ತಾರೆ" ಎಂದು ನಗಬೇಡಿ. 1987ರಲ್ಲಿ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಕಾಲುಭಾಗ ಸ್ಥಾನ ಸಿಕ್ಕಾಗಲೂ ಹೀಗೇ ನಕ್ಕಿದ್ದರು. ಈಗ ಅದು ಅರ್ಧ ಆಗಿದೆ. ಕೂರಿಸದೆ ಕೂರುವುದನ್ನು ಕಲಿಯುವುದು ಹೇಗೆ?

ನಮ್ಮ ತಪ್ಪೂ ಉಂಟು. ಅಂದಿನ ಸಭೆಗೆ ಬನ್ನಿ ಎಂದು ಹದಿನೈದು ಮನೆಯ ಬಾಗಿಲು ತಟ್ಟಿದ್ದೆ. "ನಮಗೇನು ತಿಳಿಯುತ್ತೆ ಟೀಚರಮ್ಮ, ಅವರು ಹೋಗ್ತಾರೆ ಬಿಡಿ" ಎಂದರು ಹದಿನಾಲ್ಕು ಮನೆಯವರು. ನಿಮಗೆ ತಿಳಿಯದೆ ಇನ್ಯಾರಿಗೆ ತಿಳಿಯುತ್ತದೆ ತಾಯಿ? ದಿನಕ್ಕೆ ಎಷ್ಟು ಬಿಂದಿಗೆ ನೀರು ಬೇಕು, ಕರೆಂಟು ಎಷ್ಟು ಹೊತ್ತಿಗೆ ಹೋಗುತ್ತದೆ, ಯಾವ ಬೀದಿಯಲ್ಲಿ ಕತ್ತಲು ಎಂಬ ಲೆಕ್ಕ ನಿಮ್ಮ ಹತ್ತಿರ ಇರುವಷ್ಟು ಯಾವ ಕಚೇರಿಯ ಕಡತದಲ್ಲೂ ಇಲ್ಲ.

ಘಟಕದಿಂದ ಪೈಪು ಎಳೆದು ಶಾಲೆಯ ಕಾಂಪೌಂಡಿನ ಪಕ್ಕ ಒಂದು ನಲ್ಲಿ ಹಾಕಿಕೊಡಿ ಎಂದು ಅರ್ಜಿ ಬರೆದಿದ್ದೇನೆ. ಈ ಸಲ ನಲವತ್ತೊಂದು ಹೆಂಗಸರು ಸಹಿ ಹಾಕಿದ್ದಾರೆ. ಸಭೆ ಕರೆದರೆ ಎಲ್ಲರೂ ಬರುತ್ತೇವೆ. ಹಿತ್ತಲಲ್ಲಿ ನಿಲ್ಲುವವರು ಇನ್ನು ನಮ್ಮಲ್ಲಿ ಯಾರೂ ಇಲ್ಲ.