ಆಟಗಾರನ ಗಂಟೆಗೆ ಬೆಲೆ ಕಟ್ಟಿದವರು

2019ರ ಜೂನ್‌ನಲ್ಲಿ ಯೂಬಿಸಾಫ್ಟ್ ಕಂಪನಿ ತನ್ನ 'ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ' ಗೇಮಿಗೆ ಸ್ಟೋರಿ ಕ್ರಿಯೇಟರ್ ಎಂಬ ಸೌಲಭ್ಯವನ್ನು ಸೇರಿಸಿತು. ಆಟಗಾರರು ತಾವೇ ಕಥೆ ಹೆಣೆದು, ಪಾತ್ರಗಳಿಗೆ ಮಾತು ಬರೆದು, ಮಿಷನ್ ಕಟ್ಟಿ ಇತರರಿಗೆ ಹಂಚಬಹುದಿತ್ತು. ಕಂಪನಿ ಎದುರು ನೋಡಿದ್ದು ಕಥೆಗಳನ್ನು. ಜನ ಮುಗಿಬಿದ್ದದ್ದು ಮಾತ್ರ ಇನ್ನೊಂದು ಬಗೆಯ ಮಿಷನ್‌ಗಳಿಗೆ: ಹೋಗಿ ನಿಂತರೆ ಸಾಕು, ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿದು ರಾಶಿ ರಾಶಿ ಎಕ್ಸ್‌ಪಿ, ಅಂದರೆ ಪಾತ್ರದ ಲೆವೆಲ್ ಏರಿಸುವ ಅನುಭವದ ಅಂಕ, ಕೈಗೆ ಸುರಿಯುವಂಥವು. ಕಂಪನಿ ಇದನ್ನು ದುರುಪಯೋಗ ಎಂದಿತು. ಇದರಿಂದ ಸೌಲಭ್ಯದ ಉದ್ದೇಶವೇ ಕೆಡುತ್ತದೆ ಎಂದು ಹೇಳಿ ಅಂಥ ಮಿಷನ್‌ಗಳನ್ನು ಪಟ್ಟಿಯಿಂದ ಮರೆಮಾಡಲು ಹೊರಟಿತು, ಬೇಕೆಂದೇ ಮಾಡುವವರ ಮೇಲೆ ಕ್ರಮದ ಮಾತನ್ನೂ ಆಡಿತು. ಅದೇ ಹೊತ್ತಿಗೆ ಅದೇ ಗೇಮಿನೊಳಗಿನ ಅಂಗಡಿಯಲ್ಲಿ ಒಂದು ಬೂಸ್ಟರ್ ಮಾರಾಟಕ್ಕಿತ್ತು. ಸುಮಾರು 10 ಡಾಲರ್ ಕೊಟ್ಟರೆ ಎಕ್ಸ್‌ಪಿ ಶಾಶ್ವತವಾಗಿ ಶೇ. 50ರಷ್ಟು ಹೆಚ್ಚು ಬರುತ್ತಿತ್ತು. ಇದು ಒಬ್ಬರೇ ಆಡುವ ಗೇಮ್. ಪಕ್ಕದ ಮನೆಯವನು ಎಷ್ಟನೇ ಲೆವೆಲ್ಲಿನಲ್ಲಿದ್ದಾನೆ ಎಂಬುದರಿಂದ ನಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹಾಗಿದ್ದ ಮೇಲೆ ಆಟಗಾರ ಪುಕ್ಕಟೆ ಕಂಡುಕೊಂಡ ಅಡ್ಡದಾರಿ ಅಪರಾಧ, ಕಂಪನಿ ಕಾಸಿಗೆ ಮಾರುವ ಅಡ್ಡದಾರಿ ಸೇವೆ ಆಗುವುದು ಯಾವ ನ್ಯಾಯ? ದಿನಕ್ಕೆ ಒಂದು ಗಂಟೆ ಬಿಡುವು ಸಿಕ್ಕರೆ ಪುಣ್ಯ ಎನ್ನುವ ಸಾಮಾನ್ಯ ಆಟಗಾರನ ಗೊಣಗಾಟವನ್ನು ಸೋಮಾರಿತನ ಎಂದು ತಳ್ಳಿಹಾಕುವವರು ಮೊದಲು ಇದಕ್ಕೆ ಉತ್ತರ ಹೇಳಬೇಕು.

ಗೊಣಗಾಟ ಏನೆಂದು ಸರಿಯಾಗಿ ತಿಳಿಯಬೇಕಾದರೆ ಗೇಮಿನೊಳಕ್ಕೇ ಹೋಗಬೇಕು. 2018ರ ಅಕ್ಟೋಬರ್‌ನಲ್ಲಿ ಬಂದ ಒಡಿಸ್ಸಿಯ ಕಾಲ ಕ್ರಿ.ಪೂ. 431, ಅಥೆನ್ಸ್ ಮತ್ತು ಸ್ಪಾರ್ಟಾಗಳ ನಡುವಿನ ಪೆಲೊಪೊನೀಸಿಯನ್ ಯುದ್ಧದ ಆರಂಭ. ಕೆಫಲೋನಿಯಾ ದ್ವೀಪದಲ್ಲಿ ಆಟ ಶುರುವಾಗುತ್ತದೆ. ಮೊದಲ ಕೆಲವು ಗಂಟೆ ಸೊಗಸು: ಬಿಳಿ ಕಲ್ಲಿನ ಬಂಡೆಗಳು, ನೀಲಿ ಕಡಲು, ತಲೆಯ ಮೇಲೆ ಸುತ್ತುವ ಹದ್ದು, ಹೆತ್ತವರಿಂದ ದೂರವಾದ ಕೂಲಿ ಯೋಧೆ ಕಸ್ಸಾಂಡ್ರಾಳ (ಅಥವಾ ಅಲೆಕ್ಸಿಯೋಸ್‌ನ) ಕಥೆ. ದ್ವೀಪ ಬಿಟ್ಟು ಮುಖ್ಯ ಭೂಮಿಗೆ ಕಾಲಿಟ್ಟ ಮೇಲೆ ಎದುರಾಗುವುದೇ ಲೆವೆಲ್ಲಿನ ಗೋಡೆ. ಕಥೆಯ ಮುಂದಿನ ಮಿಷನ್ ನಮಗಿಂತ ನಾಲ್ಕಾರು ಲೆವೆಲ್ ಮೇಲಿರುತ್ತದೆ. ಹೋಗಬಾರದೆಂದು ಯಾರೂ ತಡೆಯುವುದಿಲ್ಲ, ಹೋದರೆ ಗತಿ ಬೇರೆ. ಪೊದೆಯಲ್ಲಿ ಉಸಿರು ಬಿಗಿಹಿಡಿದು ಕೂತು, ಕಾವಲುಗಾರ ಬೆನ್ನು ತಿರುಗಿಸುವುದನ್ನೇ ಕಾದು, ಹಿಂದಿನಿಂದ ಹೋಗಿ ಸ್ಪಾರ್ಟಾದ ಹಳೆಯ ರಾಜ ಲಿಯೊನಿಡಾಸ್‌ನ ಈಟಿಯನ್ನು ಪೂರಾ ಒಳಗಿಳಿಸಿದರೂ ಅವನ ತಲೆಯ ಮೇಲಿನ ಕೆಂಪು ಪಟ್ಟಿ ಒಂದಿಷ್ಟು ಕುಗ್ಗುತ್ತದೆ, ಅಷ್ಟೆ. ಆತ ಮೈಕೊಡವಿ ತಿರುಗುತ್ತಾನೆ, ಎರಡೇ ಏಟಿಗೆ ನಮ್ಮ ಕಥೆ ಮುಗಿಸುತ್ತಾನೆ. ಹಂತಕರ ಹೆಸರನ್ನೇ ಹೊತ್ತ ಗೇಮಿನಲ್ಲಿ ಈಟಿ ನೆಟ್ಟರೂ ಸಾಯದ ಕಾವಲುಗಾರ! ಆಟಗಾರ ಇಲ್ಲಿ ತಪ್ಪಿದ್ದೇನೂ ಇಲ್ಲ. ಅಡಗುವುದು, ಕಾಯುವುದು, ಹೊಂಚುವುದು ಎಲ್ಲವನ್ನೂ ಸರಿಯಾಗಿಯೇ ಮಾಡಿದ. ಅವನಿಗೆ ಕಡಿಮೆ ಬಿದ್ದದ್ದು ಒಂದು ಸಂಖ್ಯೆ. ಆ ಸಂಖ್ಯೆ ಏರಬೇಕಾದರೆ ಊರ ಫಲಕಗಳಲ್ಲಿ ತೂಗುಬಿದ್ದ ಚಿಲ್ಲರೆ ಕೆಲಸಗಳನ್ನು ಮಾಡಬೇಕು: ಇಷ್ಟು ದರೋಡೆಕೋರರನ್ನು ಕೊಲ್ಲು, ಇಷ್ಟು ಹಡಗು ಮುಳುಗಿಸು, ಇನ್ನೊಂದು ಕೋಟೆಗೆ ನುಗ್ಗಿ ಇನ್ನೊಬ್ಬ ದಳಪತಿಯನ್ನು ಮುಗಿಸಿ ಇನ್ನೊಂದು ಪೆಟ್ಟಿಗೆ ತೆರೆ.

ಮುಖ್ಯ ಕಥೆಯೊಂದನ್ನೇ ಹಿಡಿದು ಹೋದರೂ ಸುಮಾರು 45 ಗಂಟೆ ಬೇಕು, ಎಲ್ಲವನ್ನೂ ಮುಗಿಸುತ್ತೇನೆಂದರೆ 140 ಗಂಟೆಯೂ ಸಾಲದು ಎಂಬುದು ಆಟಗಾರರು ದಾಖಲಿಸಿರುವ ಅಂದಾಜು. ವಾರಕ್ಕೆ ಐದು ಗಂಟೆ ಹೊಂದಿಸಿಕೊಳ್ಳುವವನಿಗೆ ಮೊದಲನೆಯದು ಎರಡು ತಿಂಗಳ ಮಾತು, ಎರಡನೆಯದು ಅರ್ಧ ವರ್ಷಕ್ಕೂ ಮಿಕ್ಕಿದ್ದು. ಉದ್ದವೇ ದೋಷ ಎಂದು ನಾನು ಹೇಳುತ್ತಿಲ್ಲ. ಉದ್ದದ ಕಾದಂಬರಿಗಳನ್ನೂ ರಾತ್ರಿಯಿಡೀ ನಡೆಯುವ ಯಕ್ಷಗಾನವನ್ನೂ ಬಲ್ಲ ನಾವು ಹಾಗೆ ಹೇಳಲೂ ಬಾರದು. ತಕರಾರು ಇರುವುದು ಆ ಉದ್ದವನ್ನು ಅಳೆಯುವವರು ಯಾರು, ಅದನ್ನು ಮೊಟಕು ಮಾಡಲು ಕಾಸು ಪಡೆಯುವವರು ಯಾರು ಎಂಬ ಬಗ್ಗೆ. ಎರಡೂ ಒಬ್ಬರೇ.

"ಬೂಸ್ಟರ್ ಕೊಳ್ಳಲೇಬೇಕೆಂದು ಯಾರು ಹೇಳಿದರು? ಬೇಕಿದ್ದರೆ ಕೊಳ್ಳಿ, ಇಲ್ಲದಿದ್ದರೆ ಬಿಡಿ" ಎಂಬುದು ಎಲ್ಲರ ಬಾಯಲ್ಲೂ ಬರುವ ಸಮರ್ಥನೆ. ಕಂಪನಿಯದೂ ಇದೇ ವಾದ. 2025ರಲ್ಲಿ ಹೊರಬಂದ ತನ್ನ ವಾರ್ಷಿಕ ವರದಿಯಲ್ಲಿ ಯೂಬಿಸಾಫ್ಟ್, ಪೂರ್ತಿ ಬೆಲೆ ಕೊಟ್ಟು ಕೊಂಡ ಗೇಮುಗಳಲ್ಲೂ ಇಂಥ ಮಾರಾಟ ಆಟದ ಮೋಜನ್ನು ಹೆಚ್ಚಿಸುತ್ತದೆ, ಏಕೆಂದರೆ ಪಾತ್ರವನ್ನು ಬೇಕಾದಂತೆ ಸಿಂಗರಿಸಿಕೊಳ್ಳಬಹುದು ಇಲ್ಲವೇ ಬೇಗ ಮುಂದೆ ಸಾಗಬಹುದು, ಇದೆಲ್ಲ ಐಚ್ಛಿಕವೇ, ಎಂಬ ಅರ್ಥದ ಮಾತು ಬರೆದಿದೆ. ಸಿಂಗಾರದ ವಿಷಯ ಹಾಗಿರಲಿ. ಬಂಗಾರದ ಕುದುರೆ ಬೇಕೆನ್ನುವವರು ಕೊಂಡುಕೊಳ್ಳಲಿ. ಬೇಗ ಮುಂದೆ ಸಾಗಿದರೆ ಮೋಜು ಹೆಚ್ಚುತ್ತದೆ ಎಂಬುದನ್ನು ಮಾತ್ರ ಇನ್ನೊಮ್ಮೆ ಓದಬೇಕು. ಬೇಗ ಸಾಗಿದರೆ ಮೋಜು ಹೆಚ್ಚುವುದಾದರೆ, 60 ಡಾಲರ್ ಪಡೆದು ಕೊಟ್ಟ ಗೇಮಿನ ವೇಗ ಮೋಜಿಗೆ ಬೇಕಾದುದಕ್ಕಿಂತ ಕಡಿಮೆ ಎಂದು ಕಂಪನಿಯೇ ಒಪ್ಪಿಕೊಂಡಂತಾಯಿತು. ಐಚ್ಛಿಕ ಎಂಬ ಪದ ಇಲ್ಲಿ ನಿಲ್ಲುವುದಿಲ್ಲ. ಸಹಜ ವೇಗ ಎಂಬುದು ಆಕಾಶದಿಂದ ಇಳಿದದ್ದಲ್ಲ, ಯಾವುದೋ ಕೋಣೆಯಲ್ಲಿ ಯಾರೋ ಕೂತು ಅಂಕಿ ತುಂಬಿ ನಿಗದಿ ಮಾಡಿದ್ದು. ತೂಕದ ಕಲ್ಲೂ ಅಂಗಡಿಯವನದೇ ಆದಾಗ ಅವನು ಪ್ರಾಮಾಣಿಕನೇ ಇರಬಹುದು, ಆದರೆ ಗಿರಾಕಿ ಅದನ್ನು ನಂಬಲೇಬೇಕು ಎನ್ನುವುದಕ್ಕೆ ಆಧಾರವಿಲ್ಲ. ವಿನ್ಯಾಸಕಾರರು ಬೇಕೆಂದೇ ಆಟವನ್ನು ಎಳೆದರು ಎಂದು ನಾನು ಆರೋಪಿಸುವುದಿಲ್ಲ, ಆರೋಪಿಸುವ ಅಗತ್ಯವೂ ಇಲ್ಲ. ನಿಧಾನದಿಂದ ಲಾಭವಿರುವವರ ಕೈಯಲ್ಲೇ ವೇಗದ ಕೀಲಿ ಇದೆ, ಶಂಕೆಗೆ ಅಷ್ಟು ಸಾಕು. ಇದೇ ಸರಣಿಯ ಮುಂದಿನ ಗೇಮ್ 'ವಲ್ಹಾಲ್ಲಾ' 2020ರ ನವೆಂಬರ್‌ನಲ್ಲಿ ಬಂದಾಗ ಅದರ ಅಂಗಡಿಯಲ್ಲಿ ಎಕ್ಸ್‌ಪಿ ಬೂಸ್ಟರ್ ಇರಲಿಲ್ಲ. ವಿಮರ್ಶೆಗಳೆಲ್ಲ ಅಚ್ಚಾಗಿ ಕೆಲವೇ ವಾರಗಳಾದ ಮೇಲೆ ಅದು ಸದ್ದಿಲ್ಲದೆ ಬಂದು ಕೂತಿತು. ಶಂಕೆ ಕರಗುವ ನಡವಳಿಕೆ ಇದಲ್ಲ.

ಗೇಮಿನ ಅಭಿಮಾನಿಗಳು ಎತ್ತುವ ಆಕ್ಷೇಪಕ್ಕೆ ಇದಕ್ಕಿಂತ ಹೆಚ್ಚು ತೂಕವಿದೆ. ಮುಖ್ಯ ಕಥೆಗೆ ಹೊರತಾದ ಸೈಡ್ ಕ್ವೆಸ್ಟ್‌ಗಳೇ ಈ ಗೇಮಿನ ಜೀವ, ಅವನ್ನು ಹೊರೆ ಎಂದುಕೊಂಡವನು ಒಡಿಸ್ಸಿಯನ್ನು ಆಡಿಯೇ ಇಲ್ಲ ಎನ್ನುತ್ತಾರೆ. ಅರ್ಧ ನಿಜ. ಕೆಫಲೋನಿಯಾದಲ್ಲೇ ಅಂಥದ್ದೊಂದಿದೆ. ಊರಿಗೆ ರೋಗ ಬಡಿದಿದೆ, ಪುರೋಹಿತರು ಸೋಂಕಿತ ಕುಟುಂಬವೊಂದನ್ನು ಕೊಲ್ಲಲು ನಿಂತಿದ್ದಾರೆ. ಅಡ್ಡ ಬಂದು ಉಳಿಸಬಹುದು, ತೆಪ್ಪಗೆ ಸರಿದೂ ಹೋಗಬಹುದು. ಕರುಣೆಯಿಂದ ಉಳಿಸಿದವನು ಎಷ್ಟೋ ಗಂಟೆಗಳ ನಂತರ ಮರಳಿ ಬಂದರೆ ದ್ವೀಪದ ತುಂಬ ಸಾವು. ಒಳ್ಳೆಯತನಕ್ಕೆ ಗೇಮ್ ಕೊಡುವ ಈ ಪೆಟ್ಟು ಮುಖ್ಯ ಕಥೆಯ ಎಷ್ಟೋ ತಿರುವುಗಳಿಗಿಂತ ಆಳಕ್ಕೆ ಇಳಿಯುತ್ತದೆ. ಸಾಕ್ರಟೀಸ್ ಎದುರಾಗಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ತಲೆ ತಿನ್ನುವ ಪ್ರಸಂಗಗಳೂ ಅಷ್ಟೇ ಚೆನ್ನ. ಆದರೆ ಗಮನಿಸಿ, ಇವನ್ನು ಆಡಲು ಯಾರೂ ನಮ್ಮನ್ನು ಲೆವೆಲ್ ತೋರಿಸಿ ಅಟ್ಟಬೇಕಿಲ್ಲ. ಕುತೂಹಲವೇ ಕರೆದೊಯ್ಯುತ್ತದೆ. ಗೋಡೆ ಕಟ್ಟಿ ಅಟ್ಟಬೇಕಾದದ್ದು ತಮ್ಮ ಬಲದ ಮೇಲೆ ಆಟಗಾರನನ್ನು ಹಿಡಿದಿಡಲಾರದ ಫಲಕದ ಕೆಲಸಗಳಿಗೆ. ಇನ್ನೂ ಕೆಟ್ಟದ್ದೆಂದರೆ ಗೋಡೆ ಒಳ್ಳೆಯದನ್ನೂ ಹಾಳುಮಾಡುತ್ತದೆ. ಇನ್ನೆರಡು ಲೆವೆಲ್ ಬೇಕೆಂಬ ಧಾವಂತದಲ್ಲಿರುವವನು ಸಾಕ್ರಟೀಸನ ಮಾತನ್ನೂ ಬಟನ್ ಒತ್ತಿ ಹಾರಿಸುತ್ತಾನೆ. ಅವನ ಕಣ್ಣು ಮಿಷನ್ ಮುಗಿದಾಗ ಸಿಗುವ ಅಂಕದ ಮೇಲಿರುತ್ತದೆ.

ಇನ್ನು ಪಳಗಿದ ಆಟಗಾರರ 'ಗಿಟ್ ಗುಡ್' ವಾದ: ಆಡಲು ಬರದವರು ಕಲಿಯಲಿ, ಗೇಮನ್ನು ದೂರುವುದೇಕೆ? ಇದಕ್ಕೆ ಅವರದೇ ಆರಾಧ್ಯ ಗೇಮ್ 'ಎಲ್ಡನ್ ರಿಂಗ್' ಉತ್ತರ ಕೊಡುತ್ತದೆ. 2022ರಲ್ಲಿ ಬಂದ ಈ ಜಪಾನೀ ಗೇಮ್ ಒಡಿಸ್ಸಿಗಿಂತ ಎಷ್ಟೋ ಪಾಲು ಕಷ್ಟದ್ದು. ಸುಲಭದ ಆಯ್ಕೆಯೇ ಇಲ್ಲ, ಸಾಯುವುದು ನಿತ್ಯಕರ್ಮ. ಬಾಗಿಲು ತಟ್ಟಿದರೆ ಎದ್ದುಹೋಗಲು ನೇರವಾದ ಪಾಜ್ ಬಟನ್ ಕೂಡ ಇಲ್ಲ, ಬಿಡುವಿಲ್ಲದವರಿಗೆ ಇದೊಂದು ಪ್ರತ್ಯೇಕ ಹಿಂಸೆ. ಆದರೂ ಅಲ್ಲಿ ಒಂದನೇ ಲೆವೆಲ್ಲಿನಲ್ಲೇ ಉಳಿದು ಇಡೀ ಗೇಮನ್ನು ಗೆದ್ದವರಿದ್ದಾರೆ, ಏಕೆಂದರೆ ಏಟು ಬೀಳುವ ಮುನ್ನ ಪಕ್ಕಕ್ಕೆ ಉರುಳುವ ಜಾಣ್ಮೆಗೆ ಆ ಗೇಮ್ ಬೆಲೆ ಕೊಡುತ್ತದೆ. ಸೋತವನಿಗೆ ಮಾರಲು ಅಲ್ಲಿ ಅಂಗಡಿಯಿಲ್ಲ, ಹಾಗಾಗಿ ಅವನು ಸೋತರೆ ಕಂಪನಿಗೆ ಲಾಭವೂ ಇಲ್ಲ. ಅದಕ್ಕೂ ಐದು ವರ್ಷ ಹಿಂದೆ ನಿಂಟೆಂಡೊದ 'ಬ್ರೆತ್ ಆಫ್ ದಿ ವೈಲ್ಡ್' ಇನ್ನೂ ದೂರ ಹೋಗಿತ್ತು. ಆರಂಭದ ಪ್ರಸ್ಥಭೂಮಿಯಿಂದ ಇಳಿದವನು, ಧೈರ್ಯವಿದ್ದರೆ, ನೇರ ಕೊನೆಯ ಖಳನ ಕೋಟೆಗೇ ನುಗ್ಗಬಹುದು. ತೆರೆದ ಜಗತ್ತು ಎಂದರೆ ಅದು. ಒಡಿಸ್ಸಿಯಂತೆ ಈಟಿಯ ಗುರಿ ತಪ್ಪದಿದ್ದರೂ ಸಂಖ್ಯೆ ಸಾಲದೆಂದು ಸೋಲುವಲ್ಲಿ ಪಳಗುವುದಕ್ಕೆ ಏನಿದೆ? ಅಲ್ಲಿ ಕಲಿಯಬೇಕಾದ ವಿದ್ಯೆಯೆಂದರೆ ತಾಳ್ಮೆ, ಅದಕ್ಕೂ ಬೆಲೆಪಟ್ಟಿ ಇದೆ.

ಅಂಗಡಿಗೂ ಆಟದ ಆಕಾರಕ್ಕೂ ಸಂಬಂಧವೇ ಇಲ್ಲ ಎನ್ನುವವರಿಗೆ 'ಮಿಡಲ್ ಅರ್ತ್: ಶ್ಯಾಡೋ ಆಫ್ ವಾರ್' ಒಂದು ಪಾಠ. 2017ರ ಅಕ್ಟೋಬರ್‌ನಲ್ಲಿ ವಾರ್ನರ್ ಬ್ರದರ್ಸ್ ಹೊರತಂದ ಈ ಗೇಮಿನಲ್ಲಿ ಓರ್ಕ್ ಎಂಬ ರಾಕ್ಷಸ ಜಾತಿಯ ಸೈನಿಕರನ್ನು ಪೆಟ್ಟಿಗೆಯ ಲೆಕ್ಕದಲ್ಲಿ ನಗದಿಗೆ ಕೊಳ್ಳಬಹುದಿತ್ತು. ಕಥೆ ಮುಗಿಯಿತು ಎನ್ನುವಾಗ ಕೋಟೆಗಳನ್ನು ಮತ್ತೆ ಮತ್ತೆ ಕಾಯುವ ಕೊನೆಯ ಭಾಗವೊಂದು ಬಂದು ಆಟಗಾರರನ್ನು ಸುಸ್ತುಹೊಡೆಸಿತು. ಆಗಲೂ ಇದೇ ಸಮರ್ಥನೆ: ಕೊಳ್ಳದೆಯೂ ಮುಗಿಸಬಹುದಲ್ಲ. ಮರುವರ್ಷದ ಏಪ್ರಿಲ್‌ನಲ್ಲಿ ಗೇಮ್ ಕಟ್ಟಿದ ಮೊನೊಲಿತ್ ಸ್ಟುಡಿಯೊ ತಾನೇ ಬಾಯಿಬಿಟ್ಟಿತು. ಓರ್ಕ್‌ಗಳನ್ನು ಕೊಳ್ಳುವ ಅವಕಾಶ ಇದೆ ಎನ್ನುವುದೇ, ಕೊಳ್ಳದವರಿಗೂ, ಆಟದ ಹೃದಯವನ್ನು ಕೆಡಿಸಿತು ಎಂಬುದು ಅದರ ಹೇಳಿಕೆಯ ಸಾರ. 2018ರ ಜುಲೈನಲ್ಲಿ ಅಂಗಡಿ ಮುಚ್ಚಿತು. ಅದೇ ಅಪ್‌ಡೇಟಿನಲ್ಲಿ ಆ ಕೊನೆಯ ಭಾಗವನ್ನೂ ಮೊಟಕು ಮಾಡಿ, ಕಥೆ ಸೇರಿಸಿ ಸರಿಪಡಿಸಿದರು. ಅಂಗಡಿ ಹೋದದ್ದೂ ಆಟ ಕಿರಿದಾದದ್ದೂ ಒಂದೇ ದಿನ. ಸಂಬಂಧವಿರದಿದ್ದರೆ ಎರಡನ್ನೂ ಒಟ್ಟಿಗೆ ತಿದ್ದುವ ಪ್ರಮೇಯವೇ ಬರುತ್ತಿರಲಿಲ್ಲ.

ದೊಡ್ಡ ಗೇಮುಗಳಿಗೆ ತಗಲುವ ಖರ್ಚು ಬೆಟ್ಟದಷ್ಟು, ಸಾವಿರಾರು ಜನರ ಸಂಬಳ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಹೊಸ ಕಥೆ ಬರೆದು ಮಾರಲಿ, ಬೇಕಿದ್ದರೆ ಗೇಮಿನ ಬೆಲೆಯನ್ನೇ ಏರಿಸಲಿ. ಚಿಕ್ಕದಾಗಿ ಕಟ್ಟಿ ಅಗ್ಗಕ್ಕೆ ಮಾರುವ ದಾರಿಯೂ ಇದೆ. ಅದನ್ನು ತೋರಿಸಿದ್ದು ಯೂಬಿಸಾಫ್ಟೇ. 2023ರ ಅಕ್ಟೋಬರ್‌ನಲ್ಲಿ ಬಂದ, ಅದೇ ಸರಣಿಯ 'ಮಿರಾಜ್' ಬಾಗ್ದಾದ್ ನಗರವನ್ನು ನೆಚ್ಚಿಕೊಂಡ ಪುಟ್ಟ ಗೇಮ್, ಆಗಿನ ಬೆಲೆ 50 ಡಾಲರ್. ಅದರಲ್ಲಿ ಎಕ್ಸ್‌ಪಿ ಕೂಡಿಹಾಕಿ ಲೆವೆಲ್ ಏರುವ ಗೊಡವೆಯೇ ಇರಲಿಲ್ಲ, ಮರೆಯಿಂದ ಇರಿದರೆ ಕಾವಲುಗಾರ ಸಾಯುತ್ತಿದ್ದ. 2025ರ 'ಶ್ಯಾಡೋಸ್' ಬರುವ ಹೊತ್ತಿಗೆ ಲೆವೆಲ್‌ಗಳೂ ಮರಳಿದವು. ವಿಸ್ತಾರವಾದ ಗೇಮನ್ನು ಬಯಸುವವರು ಬೇಕಾದಷ್ಟಿದ್ದಾರೆ, ಅವರ ಪಾಲಿನದನ್ನು ಕಸಿಯಿರಿ ಎಂದು ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು ಇಷ್ಟೇ. ಒಡಿಸ್ಸಿಯ ಸೆಟ್ಟಿಂಗ್ಸ್ ತೆರೆದರೆ ಕಾದಾಟದ ಕಷ್ಟವನ್ನು ಸುಲಭದಿಂದ ದುಃಸ್ವಪ್ನದವರೆಗೆ ಪುಕ್ಕಟೆ ಬದಲಿಸಿಕೊಳ್ಳಬಹುದು. ನಕ್ಷೆಯಲ್ಲಿ ದಾರಿ ಗುರುತಾಗಿರಬೇಕೇ, ನಾವೇ ಹುಡುಕಬೇಕೇ ಎಂಬುದನ್ನೂ ಆರಿಸಬಹುದು. ಎಕ್ಸ್‌ಪಿ ಬರುವ ವೇಗಕ್ಕೂ ಅಲ್ಲೇ ಒಂದು ಸಾಲು ಸೇರಿಸಲು ತಾಂತ್ರಿಕ ಅಡ್ಡಿ ಏನೂ ಇಲ್ಲ, ಬೂಸ್ಟರ್ ಮಾಡುವುದೂ ಆ ಕೆಲಸವನ್ನೇ. ಆ ಸಾಲು ಸೆಟ್ಟಿಂಗ್ಸ್‌ನಲ್ಲಿ ಇಲ್ಲದೆ ಅಂಗಡಿಯಲ್ಲಿ ಏಕಿದೆ ಎಂದು ಮುಂದಿನ ಗೇಮಿನ ವಿಮರ್ಶೆ ಬರೆಯುವವರು ಅಂಕ ಕೊಡುವ ಮೊದಲೇ ಕೇಳಲಿ, ಬಿಡುಗಡೆಯಾಗಿ ತಿಂಗಳು ಕಳೆದ ಮೇಲೂ ಇನ್ನೊಮ್ಮೆ ಹೋಗಿ ನೋಡಲಿ.