ಉತ್ತರ ಸೀಮೆಯ ಒಂದು ಬಾಲಿಕಾ ಪಾಠಶಾಲೆ

ಅಮೆರಿಕದಲ್ಲಿ ಕರಿಯರನ್ನು ತುಳಿದವರು ದಾಸ್ಯವನ್ನು ಸಾಕಿದ ದಕ್ಷಿಣ ಸೀಮೆಯವರು ಮಾತ್ರವೆಂಬ ಭಾವನೆಯು ನಮ್ಮಲ್ಲಿ ಬಲವಾಗಿದೆ. ಇದು ಅರ್ಧಸತ್ಯವೆಂದು ನನ್ನ ಅಭಿಪ್ರಾಯ. ಉತ್ತರದ ಕನೆಕ್ಟಿಕಟ್ ಸಂಸ್ಥಾನದ ಕ್ಯಾಂಟರ್ಬರಿಯಲ್ಲಿ 1831ರಲ್ಲಿ ಬಾಲಿಕಾ ಪಾಠಶಾಲೆಯನ್ನು ತೆರೆದ ಮಿಸ್ ಪ್ರೂಡೆನ್ಸ್ ಕ್ರಾಂಡಲ್‌ರವರನ್ನು ಊರವರು ಮೆಚ್ಚಿದ್ದರು. ಅವರು ಸಾರಾ ಹ್ಯಾರಿಸ್ ಎಂಬ ಕರಿಯ ಯುವತಿಯನ್ನು ಸೇರಿಸಿಕೊಂಡೊಡನೆ ಬಿಳಿಯ ತಂದೆತಾಯಿಗಳು ಮುನಿದರು. ಶಿಷ್ಯೆಯರ ಮನೆಯವರೇ ಮೊದಲು ಹಿಂದೆಗೆದುದು ನನಗೆ ಅತ್ಯಂತ ಖೇದಕರವಾಗಿ ತೋರುತ್ತದೆ. ಕ್ರಾಂಡಲ್‌ರವರು ಜಗ್ಗದೆ 1833ರಲ್ಲಿ ಕರಿಯ ಬಾಲಿಕೆಯರಿಗಾಗಿಯೇ ಶಾಲೆಯನ್ನು ನಡೆಸತೊಡಗಿದರು. ಪರಸಂಸ್ಥಾನದ ಕರಿಯರಿಗೆ ಊರಿನ ಅನುಮತಿಯಿಲ್ಲದೆ ವಿದ್ಯೆ ಕಲಿಸಕೂಡದೆಂದು ಶಾಸನಸಭೆಯು ಅದೇ ವರ್ಷ ಕಾನೂನು ಮಾಡಿತು! ಅಂಗಡಿಯವರು ಸಾಮಾನು ಕೊಡಲಿಲ್ಲ. ಶಾಲೆಯ ಬಾವಿಗೆ ಸಗಣಿ ಬಿದ್ದಿತು. 1834ರ ಸೆಪ್ಟೆಂಬರಿನಲ್ಲಿ ದೊಂಬಿಯು ಕಿಟಕಿಗಳನ್ನೊಡೆದ ಮೇಲೆ ಶಾಲೆಯು ಮುಚ್ಚಿತು. 1886ರಲ್ಲಿ ಅದೇ ಸಂಸ್ಥಾನವು ವೃದ್ಧೆಯಾದ ಅವರಿಗೆ ವರ್ಷಕ್ಕೆ 400 ಡಾಲರುಗಳ ವೇತನವನ್ನು ಗೊತ್ತುಮಾಡಿತು. ಓದು ನಿಂತ ಬಾಲಿಕೆಯರಿಗೆ ಏನು ಕೊಟ್ಟಿತು?