ರಿಯಾಯಿತಿ ವ್ಯಾನಿಗೋ, ಹೊಗೆಗೋ?

ಫೋಕ್ಸ್‌ವ್ಯಾಗನ್ ಕಂಪೆನಿ 1979ರಲ್ಲಿ ಹೊರತಂದ ಮೂರನೆಯ ತಲೆಮಾರಿನ ವ್ಯಾನ್ ಯುರೋಪಿನಲ್ಲಿ ಇಂದು ಅಕ್ಕರೆಯ ವಸ್ತು. ಹಿಂಬದಿಯಲ್ಲಿ ಎಂಜಿನ್, ಒಳಗೆ ಪುಟ್ಟ ಸಂಸಾರವೇ ಹಿಡಿಸುವಷ್ಟು ಜಾಗ. ಆದರೆ ಆ ಗಾಡಿಗೆ ಹುಟ್ಟಿನಿಂದಲೇ ಒಂದು ಕೊರತೆ ಇತ್ತು. ಅದರ 1.6 ಲೀಟರ್ ಡೀಸೆಲ್ ಎಂಜಿನ್ ನೀಡುತ್ತಿದ್ದುದು ಕೇವಲ 50 ಅಶ್ವಶಕ್ತಿ. ತುಂಬಿದ ವ್ಯಾನ್ ಆಲ್ಪ್ಸ್ ಪರ್ವತದ ಏರು ಹತ್ತುವಾಗ ಹಿಂದಿನ ವಾಹನಗಳ ಸಾಲು ಬೆಳೆಯುತ್ತಿತ್ತು. ಪೆಟ್ರೋಲ್ ಎಂಜಿನ್‌ಗಳಿಗೆ ಹಸಿವು ಹೆಚ್ಚು.

ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಪರಿಹಾರ, ಅದೇ ಕಂಪೆನಿ 1990ರ ದಶಕದಲ್ಲಿ ತನ್ನ ಕಾರುಗಳಿಗೆ ಬಳಸಿದ 1.9 ಲೀಟರ್ ಟರ್ಬೋ ಡೀಸೆಲ್ ಎಂಜಿನ್. ಅದರದು 90 ಅಶ್ವಶಕ್ತಿ. ಕಾರ್ಖಾನೆಯೇ ಈ ವ್ಯಾನಿನಲ್ಲಿ ಡೀಸೆಲ್ ಎಂಜಿನ್ನನ್ನು ಓರೆಯಾಗಿ ಮಲಗಿಸಿ ಕೂರಿಸಿದ್ದರಿಂದ ಅದೇ ಜಾಗಕ್ಕೆ ಹೊಸದು ಒಗ್ಗಿಕೊಳ್ಳುತ್ತದೆ. ಹಾಗೆಂದು ಕೆಲಸ ಸುಲಭದ್ದಲ್ಲ. ಡೀಸೆಲ್ ಎಂಜಿನ್ ನಿಧಾನವಾಗಿ ತಿರುಗುವುದರಿಂದ ಗೇರುಗಳ ಅನುಪಾತ ಬದಲಿಸಬೇಕಾಗುತ್ತದೆ. ವೈರಿಂಗ್ ಮತ್ತು ಕಂಪ್ಯೂಟರ್ ಹೊಂದಿಸಬೇಕು, ಬ್ರೇಕುಗಳೂ ಹೊಸ ವೇಗಕ್ಕೆ ತಕ್ಕಂತಿರಬೇಕು. ಗುಜರಿಗೆ ಹೋಗಬೇಕಿದ್ದ ಗಾಡಿಯೊಂದು ಹೀಗೆ ಮತ್ತೆ ರಸ್ತೆಗಿಳಿಯುವುದು ಸಂತೋಷದ ಸಂಗತಿ ಎಂಬುದರಲ್ಲಿ ಎರಡು ಮಾತಿಲ್ಲ.

ತಕರಾರು ಇರುವುದು 'ಆಧುನಿಕ' ಎಂಬ ವಿಶೇಷಣದ ಬಗ್ಗೆ. ಡೀಸೆಲ್ ಎಂಜಿನ್ ಸ್ವಚ್ಛವಾದದ್ದು ಅದರ ಸಿಲಿಂಡರುಗಳಿಂದ ಮಾತ್ರವಲ್ಲ, ಹೊಗೆ ಕೊಳವೆಗೆ ಅಳವಡಿಸಿದ ಸಾಧನಗಳಿಂದ. ಸೂಕ್ಷ್ಮ ಕಣಗಳನ್ನು ಹಿಡಿದಿಡುವ ಸೋಸುಕ ಯುರೋಪಿನಲ್ಲಿ ಸಾರ್ವತ್ರಿಕವಾದದ್ದು 2009ರ ಯೂರೋ 5 ನಿಯಮ ಬಂದ ಮೇಲೆ. 1990ರ ದಶಕದ ಎಂಜಿನ್ ಹವ್ಯಾಸಿಗಳಿಗೆ ಪ್ರಿಯವಾಗಿರುವುದೇ ಇಂಥ ರಗಳೆಗಳು ಅದರಲ್ಲಿ ಇಲ್ಲವೆಂಬ ಕಾರಣಕ್ಕೆ! ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು 2012ರಲ್ಲಿ ಘೋಷಿಸಿದೆ. ಹಳೆಯ ವ್ಯಾನಿನ ಸೊಬಗು ಶ್ವಾಸಕೋಶಕ್ಕೆ ತಿಳಿಯುವುದಿಲ್ಲ.

ಇಲ್ಲಿಯೇ ಕಾನೂನು ಎಡವುವುದು. ಲಂಡನ್ನಿನ ಅತಿ ಕಡಿಮೆ ಮಾಲಿನ್ಯ ವಲಯವನ್ನು ಪ್ರವೇಶಿಸುವ ಡೀಸೆಲ್ ಕಾರು ಯೂರೋ 6 ಮಟ್ಟದ್ದಾಗಿರಬೇಕು; ಇಲ್ಲದಿದ್ದರೆ ದಿನಕ್ಕೆ 12.50 ಪೌಂಡ್ ತೆರಬೇಕು. 40 ವರ್ಷ ದಾಟಿ 'ಐತಿಹಾಸಿಕ' ವರ್ಗಕ್ಕೆ ಸೇರಿದ, ವಾಣಿಜ್ಯ ಬಳಕೆಯಲ್ಲದ ವಾಹನಕ್ಕೆ ವಿನಾಯಿತಿ ಇದೆ. ಲೆಕ್ಕಕ್ಕೆ ಬರುವುದು ಗಾಡಿ ತಯಾರಾದ ವರ್ಷವೇ ಹೊರತು ಎಂಜಿನ್ನಿನದಲ್ಲ. ಪರಿಣಾಮವಾಗಿ 1.9 ಲೀಟರ್‌ನ ಆ ಎಂಜಿನ್ 1996ರ ಕಾರಿನಲ್ಲಿದ್ದರೆ ದಂಡ ತೆರುತ್ತದೆ, 1982ರ ವ್ಯಾನಿನಲ್ಲಿದ್ದರೆ ಪುಕ್ಕಟೆಯಾಗಿ ಓಡಾಡುತ್ತದೆ. ಪರಂಪರೆಯ ರಕ್ಷಣೆಗೆಂದು ಕೊಟ್ಟ ರಿಯಾಯಿತಿ ಪರಂಪರೆಯ ಭಾಗವೇ ಅಲ್ಲದ ಎಂಜಿನ್ನಿಗೆ ಸಲ್ಲುವುದು ಯಾವ ನ್ಯಾಯ? ಜರ್ಮನಿ ಈ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಿದೆ. ಅಲ್ಲಿ 30 ವರ್ಷ ದಾಟಿದ ವಾಹನಕ್ಕೆ ವಿಶೇಷ ಫಲಕ ದೊರೆಯಬೇಕಾದರೆ ತಜ್ಞರು ಪರಿಶೀಲಿಸಬೇಕು. ಮಾರ್ಪಾಡುಗಳಿದ್ದರೆ ಅವು ಆ ಕಾಲದ ವಾಡಿಕೆಗೆ ಒಪ್ಪುವಂತಿರಬೇಕು.

ನಮ್ಮಲ್ಲಿ ಇಂಥ ವ್ಯಾನುಗಳು ಅಪರೂಪವಾದರೂ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವುದು ಗ್ಯಾರೇಜುಗಳಿಗೆ ಹೊಸ ವಿದ್ಯೆಯಲ್ಲ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆ ನಿಯಂತ್ರಣ ತೆಗೆದ ಮೇಲೆ ಅದರ ಆಕರ್ಷಣೆ ಕುಗ್ಗಿದೆ, ಅಷ್ಟೆ. ಬರಹದಲ್ಲಿ ನಮ್ಮ ಕಾನೂನು ಲಂಡನ್ನಿಗಿಂತ ಬಿಗಿಯಾಗಿದೆ. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. 50 ವರ್ಷ ಮೀರಿದ ವಾಹನಗಳಿಗಾಗಿ 2021ರಲ್ಲಿ ಬಂದ ನಿಯಮವೂ ಎಂಜಿನ್ ಮೂಲಸ್ವರೂಪದಲ್ಲಿರಬೇಕೆಂದು ಕೇಳುತ್ತದೆ. ಸಿಎನ್‌ಜಿ ಮತ್ತು ಬ್ಯಾಟರಿಗೆ ಅನುಮೋದಿತ ಪರಿವರ್ತನೆಯ ದಾರಿ ತೆರೆದಿದೆ.

ಆದರೆ ತಪಾಸಣೆ? ಡೀಸೆಲ್ ವಾಹನದ ಮಾಲಿನ್ಯ ಪ್ರಮಾಣಪತ್ರಕ್ಕಾಗಿ ನಮ್ಮಲ್ಲಿ ಅಳೆಯುವುದು ಹೊಗೆಯ ದಟ್ಟತೆಯನ್ನು ಮಾತ್ರ. ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳ ಸಂಖ್ಯೆಯಾಗಲಿ ಸಾರಜನಕದ ಆಕ್ಸೈಡುಗಳಾಗಲಿ ಆ ಯಂತ್ರಕ್ಕೆ ಕಾಣುವುದೇ ಇಲ್ಲ. ಎಂಜಿನ್ ಬದಲಾವಣೆಗೆ ಅವಕಾಶ ಬೇಕೆಂಬ ಹವ್ಯಾಸಿಗಳ ಬೇಡಿಕೆಯನ್ನು ಸರ್ಕಾರ ಮುಂದೆಂದಾದರೂ ಪುರಸ್ಕರಿಸುವುದಾದರೆ ಎರಡು ಷರತ್ತು ಹಾಕಬೇಕು. ಎಂಜಿನ್ ಜೊತೆಗೆ ಅದರ ಹೊಗೆ ಶುದ್ಧೀಕರಣ ಸಾಧನಗಳೆಲ್ಲವೂ ಬರಬೇಕು. ಬದಲಾದ ದಿನದಿಂದ ಆ ವಾಹನಕ್ಕೆ ಪರಂಪರೆಯ ಹೆಸರಿನ ಯಾವ ವಿನಾಯಿತಿಯೂ ಇರಬಾರದು.